ಬೆರಿ ಶೈಲಿಯ ಬ್ಲ್ಯಾಕ್ ಪುಡ್ಡಿಂಗ್ ಮನೆಯಲ್ಲೇ: ನೀರು ಮಾತ್ರ ಕುದಿಯಬಾರದು

ಬ್ಲ್ಯಾಕ್ ಪುಡ್ಡಿಂಗ್ ಅಂದರೆ ಹಂದಿ ರಕ್ತ ತುಂಬಿದ ಸಾಸೇಜ್. ಇಷ್ಟು ಹೇಳಿದರೆ ಸಾಕು, ಅರ್ಧ ಜನ ಮುಖ ಸಿಂಡರಿಸುತ್ತಾರೆ. ಮಾಡಿ ನೋಡಿದರೆ ಬೇರೆಯೇ ವಿಷಯ ಗೊತ್ತಾಗುತ್ತದೆ. ಇದು ಮೂಲದಲ್ಲಿ ಧಾನ್ಯದ ಅಡುಗೆ. ಬಾರ್ಲಿ, ಓಟ್ಸ್, ಈರುಳ್ಳಿ, ಕೊಬ್ಬು ಇವಿಷ್ಟೂ ರುಚಿ ಕೊಡುತ್ತವೆ. ರಕ್ತ ಅವನ್ನು ಹಿಡಿದಿಡುತ್ತದೆ, ಬಣ್ಣ ಕೊಡುತ್ತದೆ. ಕೇಕಿನಲ್ಲಿ ಮೊಟ್ಟೆ ಮಾಡುವ ಕೆಲಸವನ್ನೇ ಇಲ್ಲಿ ರಕ್ತ ಮಾಡುತ್ತದೆ. ಮೊಟ್ಟೆಗೆ ಶಾಖ ಜಾಸ್ತಿಯಾದರೆ ಏನಾಗುತ್ತದೋ ಇದಕ್ಕೂ ಅದೇ ಗತಿ. ಹಾಗಾಗಿ ಈ ಕೆಲಸದಲ್ಲಿ ನಿಜವಾಗಿ ಕಲಿಯಬೇಕಾದ್ದು ಧಾನ್ಯದ ಹದ ಮತ್ತು ನೀರಿನ ಶಾಖ, ಎರಡೇ.

ನಾನಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ. ಉತ್ತರಕ್ಕೆ ಸ್ವಲ್ಪ ಹೋದರೆ ಬೆರಿ ಅನ್ನುವ ಊರು. ಅಲ್ಲಿನ ಮಾರುಕಟ್ಟೆಗೆ ಜನ ಬರುವುದೇ ಬ್ಲ್ಯಾಕ್ ಪುಡ್ಡಿಂಗ್ ತಿನ್ನುವುದಕ್ಕೆ. ಬಿಸಿನೀರಿನಲ್ಲಿಟ್ಟ ಪುಡ್ಡಿಂಗನ್ನು ತೆಗೆದು, ಉದ್ದಕ್ಕೆ ಸೀಳಿ, ಮೇಲೆ ಸಾಸಿವೆ ಸಾಸ್ ಅಥವಾ ವಿನೆಗರ್ ಹಾಕಿ ಕೊಡುತ್ತಾರೆ. ನಿಂತುಕೊಂಡೇ ತಿನ್ನುವುದು. ಹೋಟೆಲಿನ ಬೆಳಗಿನ ತಿಂಡಿ ತಟ್ಟೆಯಲ್ಲಿ ಮೂಲೆಗೆ ಬಿದ್ದಿರುವ ಒಣಕಲು ಕಪ್ಪು ಬಿಲ್ಲೆಯನ್ನಷ್ಟೇ ನೋಡಿ ಬೇಡ ಅಂದವರು ಒಮ್ಮೆ ಇದನ್ನು ತಿನ್ನಬೇಕು.

ಊರೂರಿಗೂ ಇದರ ರೂಪ ಬೇರೆ. ಬೆರಿಯದರಲ್ಲಿ ಬಾರ್ಲಿ ಕಾಳು ಬಾಯಿಗೆ ಸಿಗುತ್ತದೆ, ಕುದುರೆ ಲಾಳದ ಆಕಾರಕ್ಕೆ ಕಟ್ಟಿರುತ್ತಾರೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಪುಡ್ಡಿಂಗಿನಲ್ಲಿ ಓಟ್ಸ್ ಮತ್ತು ದನದ ಕೊಬ್ಬು. ಅದಕ್ಕೆ 2013ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಮೈಸೂರು ರೇಷ್ಮೆಗೆ ಸಿಕ್ಕ ಹಾಗೆ. ಐರ್ಲೆಂಡಿನ ಕಾರ್ಕ್ ಊರಿನ ಡ್ರಿಶೀನ್‌ನಲ್ಲಿ ಧಾನ್ಯ ತೀರಾ ಕಮ್ಮಿ, ಕಚ್ಚಿದರೆ ಮೆತ್ತಗೆ ಜಾರುತ್ತದೆ. ಸ್ಪೇನಿನ ಬುರ್ಗೋಸ್‌ನವರು ಅಕ್ಕಿಯನ್ನೇ ಹಾಕುತ್ತಾರೆ. ನಾನು ಮಾಡಿದ್ದು ಬೆರಿ ಕಡೆಯದಕ್ಕೆ ಹತ್ತಿರದ್ದು: ಬಾರ್ಲಿ ಮುಂದೆ, ಓಟ್ಸ್ ಹಿಂದೆ.

ರಕ್ತ ಎಲ್ಲಿಂದ

ಹಿಂದೆ ಇಲ್ಲಿನ ಹಳ್ಳಿಗಳಲ್ಲಿ ಮನೆ ಹಿತ್ತಲಲ್ಲೇ ಒಂದು ಹಂದಿ ಸಾಕುತ್ತಿದ್ದರು. ಚಳಿ ಶುರುವಾಗುವಾಗ ಕೊಯ್ಯುತ್ತಿದ್ದರು. ರಕ್ತ ಇಟ್ಟರೆ ಕೆಡುತ್ತದೆ, ಆದ್ದರಿಂದ ಅವತ್ತೇ ಪುಡ್ಡಿಂಗ್. ಹಸಿ ರಕ್ತವನ್ನು ಪಾತ್ರೆಗೆ ಹಿಡಿಯುವಾಗ ಕೈ ಬಿಡದೆ ಕಲಕುತ್ತಿರಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಕಲಕಿದಾಗ ನಾರು ನಾರಾಗಿ ಕೋಲಿಗೆ ಸುತ್ತಿಕೊಳ್ಳುವುದನ್ನು ತೆಗೆದು ಎಸೆದರೆ ಉಳಿದದ್ದು ನೀರಾಗಿಯೇ ಇರುತ್ತದೆ. ನಮ್ಮ ಹಳೇ ಮೈಸೂರು ಕಡೆ ಕುರಿ ಕೊಯ್ದಾಗ ಇದರ ಉಲ್ಟಾ. ರಕ್ತ ಹೆಪ್ಪುಗಟ್ಟಲಿ ಅಂತಲೇ ಬಿಟ್ಟು, ಬೇಯಿಸಿ, ಪುಡಿ ಮಾಡಿ, ಈರುಳ್ಳಿ ಮೆಣಸಿನಕಾಯಿ ಹಾಕಿ ಹುರಿಯುತ್ತೇವೆ.

ಈಗ ಬ್ರಿಟನ್ನಿನಲ್ಲಿ ಹಸಿ ರಕ್ತ ಸಿಗುವುದು ಕಷ್ಟ. ತಿನ್ನುವುದಕ್ಕೆ ಬಳಸುವ ರಕ್ತವನ್ನು ಕಸಾಯಿಖಾನೆಯಲ್ಲಿ ಬೇರೆಯಾಗಿ, ಕೊಳವೆಯಿರುವ ಟೊಳ್ಳು ಚಾಕುವಿನಿಂದ ಹಿಡಿಯಬೇಕು. ಅಷ್ಟು ವ್ಯವಸ್ಥೆ ಸಣ್ಣ ಜಾಗಗಳಲ್ಲಿ ಇರುವುದಿಲ್ಲ. ಹಾಗಾಗಿ ಅಂಗಡಿಯ ಬಹುಪಾಲು ಪುಡ್ಡಿಂಗ್‌ಗಳು ಒಣಗಿಸಿದ ರಕ್ತದ ಪುಡಿಯಿಂದಲೇ ಆಗುತ್ತವೆ. ಪುಡಿಯೂ ಹೆಚ್ಚಾಗಿ ಯುರೋಪಿನ ಬೇರೆ ದೇಶಗಳಿಂದ ಬರುತ್ತದೆ. ನಾನೂ ಪುಡಿಯನ್ನೇ ತರಿಸಿದೆ. ಹಸಿ ರಕ್ತದಷ್ಟು ಮೃದು ಬರುವುದಿಲ್ಲ ಅನ್ನುವವರಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ ಪುಡಿ ಕೆಡುವುದಿಲ್ಲ, ಅಳತೆ ಪಕ್ಕಾ, ಬೇಕಾದಾಗ ಬೇಕಾದಷ್ಟೇ ಕಲಸಿಕೊಳ್ಳಬಹುದು.

ಒಂದು ಎಚ್ಚರಿಕೆ. ಇಲ್ಲಿನ ಗಾರ್ಡನ್ ಅಂಗಡಿಗಳಲ್ಲೂ ಒಣ ರಕ್ತ ಸಿಗುತ್ತದೆ. ಅದು ಗಿಡಕ್ಕೆ ಹಾಕುವ ಗೊಬ್ಬರ. ಹೆಸರು ಒಂದೇ, ಬೆಲೆ ಕಮ್ಮಿ, ತಿನ್ನುವುದಕ್ಕಲ್ಲ. ಸಾಸೇಜ್ ಸಾಮಾನು ಮಾರುವವರ ಹತ್ತಿರವೇ ತಿನ್ನುವ ದರ್ಜೆಯದ್ದನ್ನು ತೆಗೆದುಕೊಳ್ಳಿ. ಅವರಲ್ಲೂ ಎರಡು ಥರ ಇರುತ್ತದೆ. ಬರೀ ರಕ್ತದ ಪುಡಿ ಒಂದು, ಉಪ್ಪು ಮಸಾಲೆ ಓಟ್ಸ್ ಎಲ್ಲ ಬೆರೆಸಿದ ರೆಡಿ ಮಿಕ್ಸ್ ಇನ್ನೊಂದು. ಪ್ಯಾಕೆಟ್ ಓದದೆ ರೆಡಿ ಮಿಕ್ಸಿಗೆ ಮತ್ತೆ ಉಪ್ಪು ಹಾಕಿದರೆ ಬಾಯಿಗಿಡಲು ಆಗುವುದಿಲ್ಲ.

ಸಾಮಾನು

ಸುಮಾರು 2.3 ಕಿಲೋ ಪುಡ್ಡಿಂಗಿಗೆ ನನ್ನ ಲೆಕ್ಕ ಹೀಗಿತ್ತು. ರಕ್ತದ ಪುಡಿ 150 ಗ್ರಾಂ, ನೀರು 850 ಮಿ.ಲೀ. ಹಂದಿಯ ಬೆನ್ನಿನ ಗಟ್ಟಿ ಕೊಬ್ಬು 400 ಗ್ರಾಂ. ಈರುಳ್ಳಿ 300 ಗ್ರಾಂ. ಬಾರ್ಲಿ 100 ಗ್ರಾಂ, ಬೆಂದ ಮೇಲೆ ಅದು ಮೂರರಷ್ಟಾಗುತ್ತದೆ. ಓಟ್ಸ್ ನುಚ್ಚು 120 ಗ್ರಾಂ, ನೆನೆಸಲು 200 ಮಿ.ಲೀ. ನೀರು. ಒಣ ಬ್ರೆಡ್ ಪುಡಿ 80 ಗ್ರಾಂ. ಉಪ್ಪು 34 ಗ್ರಾಂ, ಅಂದರೆ ಒಟ್ಟು ತೂಕದ ಶೇ. 1.5. ಬಿಳಿ ಮೆಣಸಿನ ಪುಡಿ 5 ಗ್ರಾಂ, ಕೊತ್ತಂಬರಿ ಬೀಜದ ಪುಡಿ 3 ಗ್ರಾಂ, ಜಾಪತ್ರೆ 2 ಗ್ರಾಂ, ಆಲ್‌ಸ್ಪೈಸ್ (ಮಸಾಲೆ ಮಿಶ್ರಣವಲ್ಲ, ಒಂದೇ ಕಾಯಿಯ ಪುಡಿ) 2 ಗ್ರಾಂ, ಒಣಗಿದ ಮರುಗ ಒಂದು ಚಮಚ.

ಹೌದು, ಹೂಮಾಲೆಗೆ ಕಟ್ಟುವ ಮರುಗವೇ. ಇಲ್ಲಿ ಅದು ಅಡುಗೆಯ ಸೊಪ್ಪು, ಹಂದಿ ಮಾಂಸಕ್ಕೆ ಒಳ್ಳೆಯ ಜೋಡಿ. ಬೆರಿ ಹಿಂದೆ ಸೇರಿದ್ದ ಲಂಕಾಶೈರ್ ಸೀಮೆಯ ಹಳೆಯ ಕ್ರಮದಲ್ಲಿ ಪೆನಿರಾಯಲ್ ಅನ್ನುವ ಪುದೀನ ಜಾತಿಯ ಸೊಪ್ಪು ಹಾಕುತ್ತಿದ್ದರು. ಅದರ ಎಣ್ಣೆಯಲ್ಲಿರುವ ಪ್ಯೂಲೆಗೋನ್ ಯಕೃತ್ತಿಗೆ ವಿಷ. ಚಿಟಿಕೆ ಸೊಪ್ಪಿನಿಂದ ಏನೂ ಆಗದು ಅಂತ ವಾದ ಮಾಡಬಹುದು. ನನಗೆ ಆ ವಾದ ಬೇಡ. ಮರುಗದ ಜೊತೆ ನಾಲ್ಕು ಎಲೆ ಮಾಮೂಲಿ ಪುದೀನ ಹಾಕಿದರೆ ಅದೇ ದಿಕ್ಕಿನ ವಾಸನೆ ಬರುತ್ತದೆ.

ಓಟ್ಸ್ ವಿಷಯದಲ್ಲಿ ರಾಜಿ ಬೇಡ. ಬೆಳಿಗ್ಗೆ ಗಂಜಿಗೆ ಹಾಕುವ ಚಪ್ಪಟೆ ಅವಲಕ್ಕಿಯಂಥ ಓಟ್ಸ್ ಇಲ್ಲಿ ಕರಗಿ ಅಂಟಾಗುತ್ತದೆ. ಕತ್ತರಿಸಿದ ಕಾಳು, ಅಂದರೆ ನುಚ್ಚು ರೂಪದ್ದೇ ಬೇಕು.

ಹಿಂದಿನ ರಾತ್ರಿ

ಓಟ್ಸ್ ನುಚ್ಚನ್ನು ನೀರು ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಹೊತ್ತಿಗೆ ನೀರೆಲ್ಲ ಹೀರಿಕೊಂಡಿತ್ತು. ಇದನ್ನು ನೆನೆಸದೆ ಹಾಕಿದರೆ ಅದು ಕರುಳಿನ ಒಳಗೇ ಉಬ್ಬುತ್ತದೆ, ಕರುಳು ಒಡೆಯುತ್ತದೆ.

ಕರುಳು ದನದ್ದು, ಸುಮಾರು 45 ಮಿ.ಮೀ. ಅಗಲದ್ದು. ಇಲ್ಲಿ ಇದನ್ನು ಆಕ್ಸ್ ರನ್ನರ್ ಅನ್ನುತ್ತಾರೆ. ಉಪ್ಪಿನಲ್ಲಿ ಅದ್ದಿ ಮಾರುತ್ತಾರೆ. ಮೇಲಿನ ಉಪ್ಪು ತೊಳೆದು ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿದೆ, ಮಧ್ಯೆ ಒಮ್ಮೆ ನೀರು ಬದಲಿಸಿದೆ. ಬೆಳಿಗ್ಗೆ ಒಂದು ತುದಿಯನ್ನು ನಲ್ಲಿಗೆ ಹಾಕಿ ಒಳಗೆ ನೀರು ಬಿಟ್ಟು ತೊಳೆದೆ. ಆಗಲೇ ತೂತು ಇದ್ದರೆ ಗೊತ್ತಾಗುತ್ತದೆ, ಆ ಜಾಗದಲ್ಲಿ ಕತ್ತರಿಸಿದರಾಯಿತು. ದನದ್ದು ಬೇಡ ಅನ್ನುವವರು ಹಂದಿ ಕರುಳು ಬಳಸಬಹುದು. ಅದು ಸಣ್ಣದು, ಬೇಗ ಬೇಯುತ್ತದೆ. ಕರುಳೇ ಬೇಡ ಅನ್ನುವವರಿಗೆ ಬ್ರೆಡ್ ಟಿನ್ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ರಕ್ತ ಕಲಸುವುದು

ಅಡುಗೆ ಕಟ್ಟೆ ಮೇಲೆ ಹಳೇ ಪೇಪರ್ ಹಾಸಿ. ಪಾತ್ರೆ ಎಲ್ಲ ಸ್ಟೀಲಿನದ್ದೇ ಇರಲಿ, ಪ್ಲಾಸ್ಟಿಕ್ಕಿಗೆ ಕಲೆ ಹತ್ತಿದರೆ ಹೋಗುವುದಿಲ್ಲ. ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊದಲೇ ಬಿಸಿನೀರು ಹಾಕಿದರೆ ರಕ್ತ ಪಾತ್ರೆಯ ಮೈಗೇ ಬೆಂದು ಅಂಟಿಕೊಳ್ಳುತ್ತದೆ.

ಪುಡಿ ನೋಡಲು ಕೆಂಗಂದು, ತುಕ್ಕು ಹಿಡಿದ ಕಬ್ಬಿಣದ ವಾಸನೆ. ಉಗುರುಬೆಚ್ಚಗಿನ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ತಂತಿಯ ಕಡೆಗೋಲಿನಿಂದ (ವಿಸ್ಕ್) ಕಲಕಬೇಕು. ಪುಡಿಯ ಮೇಲೆ ನೀರು ಸುರಿದರೆ ಗಂಟುಗಳಾಗುತ್ತವೆ, ಒಳಗೆ ಒಣಗಿದ್ದು ಹೊರಗೆ ಜಿಗುಟು. ಜೋರಾಗಿ ಬಡಿದರೆ ನೊರೆ ಬರುತ್ತದೆ. ನೊರೆ ಅಂದರೆ ಗಾಳಿ, ಆ ಗಾಳಿಯೇ ಆಮೇಲೆ ಪುಡ್ಡಿಂಗಿನಲ್ಲಿ ತೂತು. ನಿಧಾನಕ್ಕೆ ಕಲಕಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿ ಬಿಟ್ಟು, ಜರಡಿಯಲ್ಲಿ ಸೋಸಿದೆ. ಜರಡಿಯಲ್ಲಿ ಉಳಿದ ಗಂಟುಗಳನ್ನು ಚಮಚದ ಹಿಂಬದಿಯಿಂದ ಉಜ್ಜಿದರೆ ಇಳಿಯುತ್ತವೆ. ಕಲಸಿದ ಮೇಲೆ ಅದು ಹಸಿ ರಕ್ತವೇ ಅಂತ ತಿಳಿದುಕೊಂಡು ನಡೆಯಬೇಕು. ಅವತ್ತೇ ಮುಗಿಸಬೇಕು, ಹೊರಗೆ ಬಿಡಬಾರದು.

ಈರುಳ್ಳಿ, ಕೊಬ್ಬು, ಬಾರ್ಲಿ

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಹಂದಿ ನೆಣದಲ್ಲಿ, ಸಣ್ಣ ಉರಿಯಲ್ಲಿ ಬಾಡಿಸಿದೆ. ನಮ್ಮ ಕೈಗೆ ಈರುಳ್ಳಿ ಕೆಂಪಗೆ ಹುರಿಯುವ ಅಭ್ಯಾಸ ಇರುತ್ತದಲ್ವಾ, ಇಲ್ಲಿ ಅದನ್ನು ತಡೆಯಬೇಕು. ಬಣ್ಣ ಬರದೆ, ನೀರೆಲ್ಲ ಹೋಗಿ, ಮೆತ್ತಗಾಗಬೇಕು, ಅಷ್ಟೇ. ಹಸಿ ಈರುಳ್ಳಿ ಹಾಕಿದರೆ ಅದು ಒಳಗೆ ನೀರು ಬಿಟ್ಟು, ಪುಡ್ಡಿಂಗ್ ಹೋಳು ಮಾಡುವಾಗ ಪುಡಿಯಾಗುತ್ತದೆ.

ಕೊಬ್ಬು ಬೆನ್ನಿನದ್ದೇ ಯಾಕೆ? ಅದು ಗಟ್ಟಿ, ಬೇಗ ಕರಗುವುದಿಲ್ಲ. ಹೊಟ್ಟೆ ಕಡೆಯ ಮೆತ್ತನೆ ಕೊಬ್ಬು ಕರಗಿ ಮೇಲೆ ತೇಲುತ್ತದೆ, ಪುಡ್ಡಿಂಗಿನಲ್ಲಿ ಬಿಳಿ ಚುಕ್ಕಿಗಳೇ ಇರುವುದಿಲ್ಲ. ಬೆನ್ನಿನ ಕೊಬ್ಬನ್ನು ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕತ್ತರಿಸುವುದು ಸುಲಭ. 6 ಮಿ.ಮೀ. ಚೌಕಗಳಾಗಿ ಹೆಚ್ಚಿ, ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದೆ. ಮೇಲಿನ ಜಿಡ್ಡು ಹೋಗುತ್ತದೆ, ಚೌಕಗಳು ಒಂದಕ್ಕೊಂದು ಅಂಟುವುದಿಲ್ಲ, ತಿನ್ನುವಾಗ ರಬ್ಬರಿನ ಹಾಗೆ ಸಿಗುವುದಿಲ್ಲ.

ಬಾರ್ಲಿಯನ್ನು ಪೂರ್ತಿ ಬೇಯಿಸಿ, ಬಸಿದು, ಬಿಸಿಯಾಗಿಯೇ ಇಟ್ಟುಕೊಂಡೆ. ಅದು ರಕ್ತದ ಒಳಗೆ ಹೋದ ಮೇಲೆ ಬೇಯುತ್ತದೆ ಅಂದುಕೊಳ್ಳಬೇಡಿ. 80 ಡಿಗ್ರಿಯಲ್ಲಿ ಅರೆಬೆಂದ ಬಾರ್ಲಿ ಅರೆಬೆಂದದ್ದಾಗಿಯೇ ಉಳಿಯುತ್ತದೆ.

ಬೆರೆಸುವುದು, ತುಂಬುವುದು

ದೊಡ್ಡ ಪಾತ್ರೆಯಲ್ಲಿ ಬಾರ್ಲಿ, ಓಟ್ಸ್, ಈರುಳ್ಳಿ, ಕೊಬ್ಬು, ಬ್ರೆಡ್ ಪುಡಿ, ಉಪ್ಪು, ಮಸಾಲೆ ಎಲ್ಲ ಮೊದಲು ಬೆರೆಸಿ, ಕೊನೆಗೆ ರಕ್ತ ಹಾಕಿದೆ. ಬಾರ್ಲಿ ಆ ಹೊತ್ತಿಗೆ ಬೆಚ್ಚಗಿದ್ದರೆ ಸಾಕು, ಹಬೆಯಾಡುತ್ತಿದ್ದರೆ ರಕ್ತ ಅಲ್ಲಲ್ಲೇ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಬ್ರೆಡ್ ಪುಡಿ ಹೀರಿಕೊಂಡು ಮಿಶ್ರಣ ದಪ್ಪವಾಗುತ್ತದೆ. ಸೌಟಿನಿಂದ ಸುರಿದರೆ ಧಾರೆಯಾಗದೆ, ಉಂಡೆಯಾಗಿಯೂ ಬೀಳದೆ, ನಡುವಿನ ಹದದಲ್ಲಿ ಬೀಳಬೇಕು. ತೀರಾ ನೀರಾದರೆ ಕೊಬ್ಬು ಮೇಲೆ, ಬಾರ್ಲಿ ಕೆಳಗೆ ಸೇರಿಕೊಳ್ಳುತ್ತವೆ. ಆಗ ಇನ್ನೊಂದು ಹಿಡಿ ಬ್ರೆಡ್ ಪುಡಿ.

ಹಸಿ ಮಿಶ್ರಣವನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡಬೇಡಿ. ಒಂದು ಚಮಚವನ್ನು ಸಣ್ಣ ಬಟ್ಟಲಿಗೆ ಹಾಕಿ, ಬಿಸಿನೀರಿನ ಮೇಲಿಟ್ಟು ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ ತಿಂದು ನೋಡಿದೆ. ಬಿಸಿಯಲ್ಲಿ ಸ್ವಲ್ಪ ಜಾಸ್ತಿ ಅನ್ನಿಸುವ ಉಪ್ಪು ಆರಿದ ಮೇಲೆ ಸರಿಯಾಗುತ್ತದೆ. ಮೆಣಸು ಸಾಲದು ಅನ್ನಿಸಿ ಇನ್ನೂ ಒಂದು ಗ್ರಾಂ ಹಾಕಿದೆ.

ಅದೇ ಹೊತ್ತಿಗೆ ನನ್ನ ಗೆಳೆಯ ಬಂದ, ಮಂಡ್ಯದವನು. ಪಾತ್ರೆಗೆ ಇಣುಕಿ, "ಏನ್ ಗುರು, ಕಾರದ ಪುಡಿ ಎಲ್ಲಿ?" ಅಂದ. ಇದಕ್ಕೆ ಹಾಕಲ್ಲ ಅಂದೆ. "ಹಂಗಾದ್ರೆ ಒಂದಕ್ಕಾದ್ರೂ ಹಾಕು, ನಾನ್ ತಿಂತೀನಿ" ಅಂದ. ಟಿನ್ನಿಗೆ ಹೋಗುವ ಪಾಲಿಗೆ ಬ್ಯಾಡಗಿ ಪುಡಿ ಬಿತ್ತು. ಬೆರಿಯವರು ಕ್ಷಮಿಸಲಿ.

ಸಾಸೇಜ್ ತುಂಬುವ ಮೆಷಿನ್ ಇದಕ್ಕೆ ಬೇಡ. ಮಿಶ್ರಣ ಸಡಿಲ, ಎಲ್ಲ ಕಡೆ ಸೋರುತ್ತದೆ. ಅಗಲ ಬಾಯಿಯ ಲಾಳಿಕೆ ಸಾಕು. ಕರುಳನ್ನು ಒಂದೂವರೆ ಅಡಿ ತುಂಡುಗಳಾಗಿ ಕತ್ತರಿಸಿ, ಒಂದು ತುದಿಗೆ ಹತ್ತಿ ಹುರಿಯಿಂದ ಗಂಟು ಹಾಕಿ, ಇನ್ನೊಂದು ತುದಿಗೆ ಲಾಳಿಕೆ ಸಿಕ್ಕಿಸಬೇಕು. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಸೌಟಿನಿಂದ ಹಾಕಬೇಕು. ಕಾರದ ಪುಡಿ ಕೇಳಿದ ತಪ್ಪಿಗೆ ಗೆಳೆಯನೇ ಹಿಡಿದುಕೊಂಡ. ಪ್ರತಿ ಸೌಟಿಗೂ ಮೊದಲು ತಳದಿಂದ ಕಲಕಬೇಕು, ಇಲ್ಲದಿದ್ದರೆ ಮೊದಲ ಪುಡ್ಡಿಂಗಿಗೆ ಕೊಬ್ಬೆಲ್ಲ, ಕೊನೆಯದಕ್ಕೆ ಬಾರ್ಲಿಯೆಲ್ಲ.

ಬಿಗಿಯಾಗಿ ತುಂಬಬಾರದು. ಆರನೇ ಒಂದು ಭಾಗ ಖಾಲಿ ಬಿಟ್ಟು, ಗಾಳಿ ಹಿಂಡಿ ತೆಗೆದು, ಎರಡನೇ ಗಂಟು ಹಾಕಿ, ಎರಡೂ ತುದಿಯ ಹುರಿಗಳನ್ನು ಸೇರಿಸಿ ಕಟ್ಟಿದರೆ ಕುದುರೆ ಲಾಳ ತಯಾರು. ಕೈಗೆ ಜೋಲು ಅನ್ನಿಸಬೇಕು. ಬೇಯುವಾಗ ತಾನೇ ತುಂಬಿಕೊಳ್ಳುತ್ತದೆ.

80 ಡಿಗ್ರಿ

ಇಡೀ ಕೆಲಸದ ಜೀವ ಇಲ್ಲಿದೆ. ರಕ್ತದ ಪ್ರೋಟೀನುಗಳು 70-75 ಡಿಗ್ರಿ ಹತ್ತಿರ ಗಟ್ಟಿಯಾಗುತ್ತವೆ. ಅಷ್ಟಾದರೆ ಕೆಲಸ ಮುಗಿಯಿತು. ಅದಕ್ಕಿಂತ ಮೇಲೆ ಹೋದರೆ ಪ್ರೋಟೀನು ಇನ್ನೂ ಬಿಗಿದು ಹಿಡಿದಿಟ್ಟ ನೀರನ್ನು ಹಿಂಡಿ ಹೊರಹಾಕುತ್ತದೆ. ಪುಡ್ಡಿಂಗ್ ಸ್ಪಂಜಾಗುತ್ತದೆ. ಒಳಗಿನ ನೀರು ಹಬೆಯಾದರೆ ಕರುಳು ಬಿರಿಯುತ್ತದೆ. ಇನ್ನೊಂದು ಕಡೆ ಸುರಕ್ಷತೆಯ ಲೆಕ್ಕವೂ ಇದೆ. ಬ್ರಿಟನ್ನಿನ ಆಹಾರ ಇಲಾಖೆಯ ಸಲಹೆ ಪ್ರಕಾರ ಮಾಂಸದ ನಡುಭಾಗ 70 ಡಿಗ್ರಿಯಲ್ಲಿ 2 ನಿಮಿಷ ಇರಬೇಕು. ಅಂದರೆ ನಮಗೆ ಸಿಗುವ ಜಾಗ ಬಹಳ ಸಣ್ಣದು. ನೀರು 80ರಲ್ಲಿ ನಿಲ್ಲಬೇಕು, ಪುಡ್ಡಿಂಗಿನ ನಡುಭಾಗ 75 ಮುಟ್ಟಬೇಕು.

ನನ್ನ ಹತ್ತಿರ ಶಾಖ ನಿಲ್ಲಿಸುವ ಉಪಕರಣ ಯಾವುದೂ ಇಲ್ಲ. ದೊಡ್ಡ ಅಲ್ಯುಮಿನಿಯಂ ಪಾತ್ರೆ, ತಳಕ್ಕೆ ಬೋರಲು ಹಾಕಿದ ಪಿಂಗಾಣಿ ತಟ್ಟೆ, ಪಕ್ಕದಲ್ಲಿ ಸಿಕ್ಕಿಸಿದ ಡಿಜಿಟಲ್ ಥರ್ಮಾಮೀಟರ್. ತಟ್ಟೆ ಇಲ್ಲದಿದ್ದರೆ ತಳ ಮುಟ್ಟಿದ ಪುಡ್ಡಿಂಗ್ ಅಲ್ಲೇ ಒಡೆಯುತ್ತದೆ. ಪಾತ್ರೆ ದೊಡ್ಡದಿದ್ದಷ್ಟೂ ಒಳ್ಳೆಯದು, ನೀರು ಜಾಸ್ತಿ ಇದ್ದರೆ ಶಾಖ ಬೇಗ ಏರಿಳಿಯುವುದಿಲ್ಲ. ನೀರನ್ನು 87ರವರೆಗೆ ಕಾಯಿಸಿ, ಪುಡ್ಡಿಂಗ್‌ಗಳನ್ನು ಇಳಿಬಿಟ್ಟೆ. ತಕ್ಷಣ 76ಕ್ಕೆ ಬಿತ್ತು. ಅಲ್ಲಿಂದ ಸಣ್ಣ ಉರಿಯಲ್ಲಿ 80ಕ್ಕೆ ತಂದು ಹಿಡಿದಿಟ್ಟೆ. 82 ಆದರೆ ಒಂದು ಲೋಟ ತಣ್ಣೀರು. ಈ ಹೊತ್ತಲ್ಲಿ ಫೋನ್ ಮುಟ್ಟಬಾರದು.

ಮೊದಲ ಹತ್ತು ನಿಮಿಷ ಮೆಲ್ಲಗೆ ತಿರುಗಿಸುತ್ತಿರಬೇಕು. ಒಳಗೆ ಇನ್ನೂ ನೀರಾಗಿರುವಾಗ ಬಾರ್ಲಿ ಒಂದೇ ಕಡೆ ಕೂರದಿರಲಿ ಅಂತ. ಆಮೇಲೆ ಅವು ಮೇಲೆ ತೇಲುತ್ತವೆ. ಎಲ್ಲಾದರೂ ಗಾಳಿಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ. ಹಳೆಯವರ ಪರೀಕ್ಷೆಯೂ ಸೂಜಿಯದ್ದೇ: ಚುಚ್ಚಿದಾಗ ಕೆಂಪು ಬಂದರೆ ಇನ್ನೂ ಬೇಕು, ಕಂದು ರಸ ಬಂದರೆ ಆಯಿತು. ಬೆಂದಂತೆ ಹಿಮೋಗ್ಲೋಬಿನ್ ರೂಪ ಬದಲಾಗಿ ಕೆಂಪು ಕಂದಾಗಿ, ಕಂದು ಕಪ್ಪಾಗುತ್ತದೆ. ನಾನು ಸೂಜಿಯನ್ನೂ ನೋಡಿದೆ, ಥರ್ಮಾಮೀಟರನ್ನೂ ನೋಡಿದೆ. 45 ಮಿ.ಮೀ. ಕರುಳಿಗೆ ಮುಕ್ಕಾಲು ಗಂಟೆ ಹತ್ತಿರ ಹಿಡಿಯಿತು.

ಬೇಕೆಂದೇ ಒಂದು ಸಣ್ಣ ತುಂಡನ್ನು ಬೇರೆ ಪಾತ್ರೆಯಲ್ಲಿ ಕೊತಕೊತ ಕುದಿಸಿ ನೋಡಿದೆ. ಐದು ನಿಮಿಷಕ್ಕೇ ಪಕ್ಕದಲ್ಲಿ ಬಿರಿಯಿತು, ನೀರೆಲ್ಲ ಕಂದು, ಮೇಲೆ ಕೊಬ್ಬು. ಉಳಿದದ್ದನ್ನು ಹೋಳು ಮಾಡಿದರೆ ತುಂಬಾ ತೂತು, ಬಾಯಲ್ಲಿ ಮರಳು ಮರಳು. ಸಾಮಾನು ಒಂದೇ, ಪಾತ್ರೆ ಮಾತ್ರ ಬೇರೆ. ಹೋಟೆಲಿನ ಒಣಕಲು ಬಿಲ್ಲೆಯ ನೆನಪಾಯಿತು.

ಆರಿಸುವುದು, ಟಿನ್, ತಿನ್ನುವುದು

ಬೆಂದವನ್ನು ನೇರ ತಣ್ಣೀರಿಗೆ ಹಾಕಿ, ಆಮೇಲೆ ಕೋಲಿಗೆ ನೇತುಹಾಕಿ ಒಣಗಿಸಿ, ಬೇಗ ಫ್ರಿಜ್ಜಿಗೆ. ಬೆಂದ ಧಾನ್ಯ, ರಕ್ತ, ಎರಡೂ ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಒಣಗಿದಾಗ ಹೊರಮೈ ಕಪ್ಪಗೆ ಮಿರುಗುತ್ತದೆ. ಒಂದು ರಾತ್ರಿ ಫ್ರಿಜ್ಜಿನಲ್ಲಿದ್ದ ಮೇಲೆಯೇ ಚೆನ್ನಾಗಿ ಹೋಳಾಗುವುದು. ಮೂರು ದಿನದೊಳಗೆ ತಿನ್ನಿ, ಉಳಿದದ್ದನ್ನು ಫ್ರೀಜ್ ಮಾಡಿ.

ಟಿನ್ನಿನದು ಸುಲಭ. ಬ್ರೆಡ್ ಟಿನ್ನಿಗೆ ಬೇಕಿಂಗ್ ಪೇಪರ್ ಹಾಸಿ, ಮಿಶ್ರಣ ಸುರಿದು, ಮೇಲೆ ಫಾಯಿಲ್ ಬಿಗಿದು, ಅರ್ಧ ಮುಳುಗುವಷ್ಟು ಬಿಸಿನೀರಿದ್ದ ಟ್ರೇಯಲ್ಲಿಟ್ಟು 150 ಡಿಗ್ರಿ ಓವನ್ನಿಗೆ. ಇಲ್ಲೂ ನಡುಭಾಗ 75 ಆಗಬೇಕು, ಒಂದು ಗಂಟೆ ಮೇಲೆ ಬೇಕಾಗುತ್ತದೆ. ಒಡೆಯುವ ಭಯವಿಲ್ಲ, ಹೋಳು ಚೌಕವಾಗಿ ಬರುತ್ತದೆ. ಮೊದಲ ಸಲ ಮಾಡುವವರು ಇದರಿಂದ ಶುರು ಮಾಡುವುದೇ ಒಳ್ಳೆಯದು.

ಲಾಳದ ಒಂದನ್ನು ಬೆರಿ ಮಾರುಕಟ್ಟೆಯ ಕ್ರಮದಲ್ಲಿ 80 ಡಿಗ್ರಿ ನೀರಲ್ಲೇ ಇಪ್ಪತ್ತು ನಿಮಿಷ ಬಿಸಿ ಮಾಡಿ, ಸೀಳಿ, ಸಾಸಿವೆ ಸಾಸ್ ಹಾಕಿ ತಿಂದೆವು. ಬಾರ್ಲಿ ಒಂದೊಂದಾಗಿ ಸಿಗುತ್ತಿತ್ತು, ಕೊಬ್ಬು ಮೆತ್ತಗಿತ್ತು, ಜಾಪತ್ರೆ ಮಾತ್ರ ಸ್ವಲ್ಪ ಮುಂದೆ ಬಂದಿತ್ತು. ಹುರಿಯುವುದಾದರೆ ಒಂದು ಸೆಂ.ಮೀ. ದಪ್ಪದ ಹೋಳು, ಮಧ್ಯಮ ಉರಿ, ಒಂದೊಂದು ಬದಿಗೆ ಮೂರು ನಿಮಿಷ. ಹೊರಗೆ ಗರಿ, ಒಳಗೆ ಮೆತ್ತಗೆ. ಮಾಮೂಲಿ ಇಂಗ್ಲಿಷ್ ತಿಂಡಿಯಲ್ಲಿ ಮೊಟ್ಟೆ, ಬೇಕನ್, ಟೊಮೇಟೊ ಜೊತೆಗಿರುತ್ತವೆ. ಗೆಳೆಯ ತನ್ನ ಬ್ಯಾಡಗಿ ಹೋಳನ್ನು ಚಪಾತಿಯಲ್ಲಿ ಸುತ್ತಿಕೊಂಡು ತಿಂದ. ನಿಜ ಹೇಳಬೇಕೆಂದರೆ ಅದೂ ಚೆನ್ನಾಗಿತ್ತು.

ಇಲ್ಲೇ ಹತ್ತಿರದ ರಾಮ್ಸ್‌ಬಾಟಮ್ ಊರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್ ಪುಡ್ಡಿಂಗ್ ಎಸೆಯುವ ಸ್ಪರ್ಧೆ ನಡೆಯುತ್ತದೆ. 20 ಅಡಿ ಎತ್ತರದ ಕಟ್ಟೆ ಮೇಲೆ ಯಾರ್ಕ್‌ಶೈರ್ ಪುಡ್ಡಿಂಗ್‌ಗಳನ್ನು (ಮೈದಾ, ಮೊಟ್ಟೆ, ಹಾಲು ಕಲಸಿ ಓವನ್ನಿನಲ್ಲಿ ಉಬ್ಬಿಸುವ ತಿನಿಸು) ಪೇರಿಸಿಟ್ಟಿರುತ್ತಾರೆ, ಕೆಳಗಿನಿಂದ ಬ್ಲ್ಯಾಕ್ ಪುಡ್ಡಿಂಗ್ ಎಸೆದು ಅವನ್ನು ಬೀಳಿಸಬೇಕು. ಅಕ್ಕಪಕ್ಕದ ಸೀಮೆಗಳಾದ ಲಂಕಾಶೈರ್ ಮತ್ತು ಯಾರ್ಕ್‌ಶೈರ್ ಜಗಳ ಹಳೆಯದು. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ನಾನಂತೂ ಎಸೆಯಲಾರೆ.

ಬರೆದಿಟ್ಟುಕೊಂಡಿರುವ ಬದಲಾವಣೆ: ಜಾಪತ್ರೆ 1 ಗ್ರಾಂಗೆ ಇಳಿಸುವುದು, ಬಾರ್ಲಿ 120 ಗ್ರಾಂಗೆ ಏರಿಸಿ ಓಟ್ಸನ್ನು 100ಕ್ಕೆ ತರುವುದು, ಬ್ರೆಡ್ ಪುಡಿ ಹಾಗೇ. ಟಿನ್ನಿಗೆ ಬುರ್ಗೋಸ್‌ನವರ ಹಾಗೆ ಅಕ್ಕಿ ಹಾಕಿ ನೋಡಬೇಕು. ದಪ್ಪಕ್ಕಿಯೇ ಸರಿ, ಮುಕ್ಕಾಲು ಪಾಲು ಬೆಂದದ್ದಲ್ಲ, ಪೂರ್ತಿ ಬೆಂದದ್ದು.